ಸ್ವೀಡನ್ನಿಗೆ ಅಡ್ಡ ನಿಂತ ಟರ್ಕಿ ಕೊನೆಗೆ ಯಾಕೆ ಒಪ್ಪಿತು?

ಕಲ್ಯಾಣಪುರದ ಓದುಗಿ:

ಎಲ್ಲರಿಗೂ ನಮಸ್ಕಾರ. ನಾವು ಮೂವರು ಹುಡುಗಿಯರು ಉಡುಪಿಯಲ್ಲಿ ಒಟ್ಟಿಗೆ ಕೆಎಎಸ್‌ಗೆ ಓದುತ್ತಿದ್ದೇವೆ. ಅಮೆರಿಕ ಮತ್ತು ಯುರೋಪಿನ ದೇಶಗಳ ಸೇನಾ ಒಕ್ಕೂಟವಾದ ನೇಟೋ ವಿಷಯಕ್ಕೆ ಬಂದಾಗ ನಮ್ಮೊಳಗೆ ದೊಡ್ಡ ವಾದವೇ ಆಯಿತು.

2022ರ ಮೇ 18ರಂದು ಫಿನ್ಲೆಂಡ್, ಸ್ವೀಡನ್ ಎರಡೂ ಒಟ್ಟಿಗೆ ಅದನ್ನು ಸೇರಲು ಅರ್ಜಿ ಕೊಟ್ಟವು. ಟರ್ಕಿ ಆಗುವುದಿಲ್ಲ ಎಂದಿತು. ಜೂನ್ ಕೊನೆಗೆ ಮ್ಯಾಡ್ರಿಡ್‌ನಲ್ಲಿ ಮೂರು ದೇಶಗಳೂ ಒಪ್ಪಂದಕ್ಕೆ ಸಹಿ ಹಾಕಿದವು. ಮುಗಿಯಿತು ಅಂದುಕೊಂಡರೆ ಟರ್ಕಿ ಪುನಃ ತಡೆಯಿತು. ಫಿನ್ಲೆಂಡ್ 2023ರ ಏಪ್ರಿಲ್ 4ಕ್ಕೆ ಒಳಗೆ ಹೋಯಿತು. ಸ್ವೀಡನ್ ಹೊರಗೇ ಉಳಿಯಿತು. ಕೊನೆಗೆ 2024ರ ಜನವರಿಯಲ್ಲಿ ಟರ್ಕಿಯ ಸಂಸತ್ತು ಹೂಂ ಎಂದಿತು.

ನನ್ನ ಒಬ್ಬಳು ಗೆಳತಿ ಹೇಳುವುದು, ಅಮೆರಿಕ ಹೆದರಿಸಿತು, ಅದಕ್ಕೆ ಒಪ್ಪಿತು ಎಂದು. ಇನ್ನೊಬ್ಬಳು ರಷ್ಯಾದ ಭಯ ಅನ್ನುತ್ತಾಳೆ. ನನಗೆ ಎರಡೂ ಪೂರ್ತಿ ಸರಿ ಅನಿಸುವುದಿಲ್ಲ. ಹೆದರುವುದಾದರೆ ಇಪ್ಪತ್ತು ತಿಂಗಳು ಯಾಕೆ ಎಳೆಯಬೇಕು? ಗೈಡ್ ಪುಸ್ತಕದಲ್ಲಿ ಒಂದೇ ಸಾಲು ಉಂಟು: "ಟರ್ಕಿ ತನ್ನ ಆಕ್ಷೇಪವನ್ನು ಹಿಂತೆಗೆದುಕೊಂಡಿತು." ಯಾಕೆ ಅಂತ ಇಲ್ಲ. ತಿಳಿದವರು ಸ್ವಲ್ಪ ಬಿಡಿಸಿ ಹೇಳಿ.

ಮಣಿಪಾಲದ ಮೇಷ್ಟ್ರು:

ಮೊದಲು ನಿಯಮ ನೋಡಿ. 1949ರ ವಾಷಿಂಗ್ಟನ್ ಒಪ್ಪಂದದ 10ನೇ ವಿಧಿಯ ಪ್ರಕಾರ ಹೊಸಬರನ್ನು ಕರೆಯಲು ಇದ್ದ ಸದಸ್ಯರೆಲ್ಲರೂ ಒಪ್ಪಬೇಕು. ಬಹುಮತದ ಲೆಕ್ಕ ಅಲ್ಲಿಲ್ಲ. ಸೇರ್ಪಡೆಯ ಪತ್ರವನ್ನು ಪ್ರತಿ ದೇಶವೂ ತನ್ನ ತನ್ನ ಪದ್ಧತಿಯಲ್ಲಿ ಮಂಜೂರು ಮಾಡಬೇಕು. ಹೆಚ್ಚಿನ ದೇಶಗಳಲ್ಲಿ ಅದು ಸಂಸತ್ತಿನ ಮುಂದೆ ಬರುತ್ತದೆ. ಟರ್ಕಿ 1952ರಲ್ಲಿ ಗ್ರೀಸ್ ಜೊತೆ ಸೇರಿದ ಹಳೆಯ ಸದಸ್ಯ. ಹಾಗಾಗಿ ಎರಡು ಸಲ ತಡೆಯುವ ಅವಕಾಶ ಅದಕ್ಕೆ ಸಿಕ್ಕಿತು, ಆಹ್ವಾನ ಕೊಡುವಾಗ ಒಮ್ಮೆ, ಸಂಸತ್ತಿನಲ್ಲಿ ಇನ್ನೊಮ್ಮೆ. ಮ್ಯಾಡ್ರಿಡ್‌ನಲ್ಲಿ ಬಿಟ್ಟುಕೊಟ್ಟದ್ದು ಮೊದಲನೆಯದನ್ನು ಮಾತ್ರ. ನಿಮ್ಮ "ಪುನಃ ತಡೆಯಿತು" ಎಂಬುದಕ್ಕೆ ಉತ್ತರ ಅಲ್ಲೇ ಉಂಟು.

ಸುರತ್ಕಲ್ ಕ್ಯಾಪ್ಟನ್:

ತಂಗಿ, ನಾನು ಹಡಗಿನಲ್ಲಿದ್ದವ. ಈಗ ನಿವೃತ್ತಿಯಾಗಿ ಸುರತ್ಕಲ್‌ನಲ್ಲಿ ಮನೆಯಲ್ಲಿದ್ದೇನೆ. ಈ ವಿಷಯ ನನಗೆ ಬರೀ ಪೇಪರ್ ಸುದ್ದಿ ಅಲ್ಲ. ಹಾಗಾಗಿ ಉದ್ದ ಬರೆಯುತ್ತೇನೆ.

2022ರ ಮಳೆಗಾಲ ಮುಗಿಯುವ ಹೊತ್ತಿಗೆ ನಮ್ಮ ಹಡಗು ಉಕ್ರೇನಿನಿಂದ ಧಾನ್ಯ ತುಂಬಿಕೊಂಡು ಬರುವ ಸಾಲಿನಲ್ಲಿತ್ತು. ಆ ಜುಲೈಯಲ್ಲಿ ಟರ್ಕಿ ಮತ್ತು ವಿಶ್ವಸಂಸ್ಥೆ ಸೇರಿ ಧಾನ್ಯ ಒಪ್ಪಂದ ಮಾಡಿಸಿದ್ದವು. ಹೋಗುವಾಗಲೂ ಬರುವಾಗಲೂ ಇಸ್ತಾಂಬುಲ್ ಹತ್ತಿರ ತಪಾಸಣೆ. ಮರ್ಮರಾ ಸಮುದ್ರದಲ್ಲಿ ಆಂಕರ್ ಹಾಕಿ ಕಾಯಬೇಕು. ರಾತ್ರಿ ಬ್ರಿಡ್ಜ್‌ನಲ್ಲಿ ನಿಂತರೆ ಕಣ್ಣು ಹೋದಷ್ಟು ದೂರ ಆಂಕರ್ ದೀಪಗಳು. ಕೊನೆಗೆ ತಪಾಸಣೆಯವರ ಬೋಟು ಬಂದರೆ ಅದರಲ್ಲಿ ಟರ್ಕಿಯವರು, ರಷ್ಯಾದವರು, ಉಕ್ರೇನಿನವರು, ವಿಶ್ವಸಂಸ್ಥೆಯವರು. ಯುದ್ಧ ಮಾಡುತ್ತಿರುವ ಎರಡು ದೇಶದವರು ಒಂದೇ ಏಣಿ ಹತ್ತಿ ನನ್ನ ಡೆಕ್ಕಿಗೆ ಬಂದು ಹ್ಯಾಚ್ ಕವರ್ ತೆಗೆಸಿ ನೋಡಿದರು. ಟರ್ಕಿ ಆ ಹೊತ್ತಿಗೆ ಎಲ್ಲರಿಗೂ ಎಷ್ಟು ಬೇಕಾಗಿತ್ತು ಎಂಬುದು ನನಗೆ ಅರ್ಥವಾದದ್ದು ಅಲ್ಲಿ.

ಬಾಸ್ಫರಸ್ ಜಲಸಂಧಿ ಅತಿ ಕಿರಿದಾದ ಕಡೆ ಸುಮಾರು 700 ಮೀಟರ್. ಅದೇ ಜಾಗದಲ್ಲಿ ಹಡಗು ತಿರುಗಿಸಬೇಕು, ನೀರಿನ ಸೆಳೆತ ಬೇರೆ. ಎರಡೂ ಬದಿಯಲ್ಲಿ ಮನೆಗಳ ಕಿಟಕಿ ಕಾಣುತ್ತದೆ. ಕಪ್ಪು ಸಮುದ್ರಕ್ಕೆ ಹಡಗು ಹೋಗಲು ಬೇರೆ ಬಾಗಿಲಿಲ್ಲ. 1936ರ ಮಾಂಟ್ರೋ ಒಪ್ಪಂದದ ಪ್ರಕಾರ ಅದರ ಬೀಗದ ಕೈ ಟರ್ಕಿಯ ಹತ್ತಿರ. ಉಕ್ರೇನ್ ಮೇಲೆ ರಷ್ಯಾ ನುಗ್ಗಿದ ಕೆಲವೇ ದಿನಗಳಲ್ಲಿ ಟರ್ಕಿ ಯುದ್ಧನೌಕೆಗಳಿಗೆ ಅದನ್ನು ಮುಚ್ಚಿತು. ಅಂಥ ದೇಶವನ್ನು ಹೆದರಿಸಿ ಸಹಿ ಹಾಕಿಸುವುದು ಸುಲಭ ಅಲ್ಲ. ನಿಮ್ಮ ಮೊದಲ ಗೆಳತಿಗೆ ನನ್ನ ಉತ್ತರ ಇದು.

ರಷ್ಯಾದ ಭಯ? ಅದೂ ಅಲ್ಲ. ಟರ್ಕಿ ರಷ್ಯಾದಿಂದ ಗ್ಯಾಸ್ ತರಿಸುತ್ತದೆ, ಅಕ್ಕುಯುವಿನ ಅಣುಸ್ಥಾವರ ಕಟ್ಟುವುದು ರಷ್ಯಾದ ಕಂಪನಿ, ಎಸ್-400 ಕ್ಷಿಪಣಿ ತಂದದ್ದೂ ಅಲ್ಲಿಂದ. ಆದರೆ ಯುದ್ಧ ಶುರುವಾದ ಮೇಲೆ ಪಶ್ಚಿಮದ ಬಾಗಿಲು ಮುಚ್ಚಿ ರಷ್ಯಾಕ್ಕೇ ಟರ್ಕಿಯ ಅಗತ್ಯ ಜಾಸ್ತಿಯಾಯಿತು. ಸ್ವೀಡನ್ನಿಗೆ ಹೂಂ ಎಂದರೂ ಮಾಸ್ಕೋ ಸಂಬಂಧ ಮುರಿದುಕೊಳ್ಳುವುದಿಲ್ಲ ಎಂಬ ಧೈರ್ಯ ಅಂಕಾರಾಕ್ಕೆ ಇತ್ತು.

ಹಾಗಾದರೆ ಯಾಕೆ ಒಪ್ಪಿತು? ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ಟರ್ಕಿಗೆ ನೇಟೋ ದೊಡ್ಡದಾಗುವುದರಲ್ಲಿ ತಕರಾರೇ ಇರಲಿಲ್ಲ. ಅದಕ್ಕೆ ಮೊದಲು ಬಂದ ಎಷ್ಟೋ ದೇಶಗಳಿಗೆ ಅದು ಸುಮ್ಮನೆ ಒಪ್ಪಿದೆ. ತಕರಾರು ಇದ್ದದ್ದು ಹಳೆಯ ಬಾಕಿಯ ಬಗ್ಗೆ. ಕೇಳಿದ್ದು ಸ್ವೀಡನ್ ಹತ್ತಿರ, ಬೇಕಾದದ್ದರಲ್ಲಿ ದೊಡ್ಡ ಪಾಲು ಅಮೆರಿಕದ ಹತ್ತಿರ. ಇದನ್ನು ಬೇರೆ ಬೇರೆ ಮಾಡಿ ನೋಡದಿದ್ದರೆ ಲೆಕ್ಕ ಸಿಗುವುದಿಲ್ಲ.

ಸ್ವೀಡನ್ ಹತ್ತಿರ ಕೇಳಿದ್ದು ಗೊತ್ತಿರುವುದೇ. ಟರ್ಕಿ ವಿರುದ್ಧ ಬಂದೂಕು ಹಿಡಿದ ಕುರ್ದಿಶ್ ಸಂಘಟನೆ ಪಿಕೆಕೆಗೆ ಅಲ್ಲಿ ಜಾಗ ಸಿಗಬಾರದು, ಟರ್ಕಿ ಸರಕಾರ ಶತ್ರುವಾಗಿ ಕಂಡ ಧರ್ಮಗುರು ಗುಲೆನ್ ಅವರ ಬೆಂಬಲಿಗರನ್ನು ಒಪ್ಪಿಸಬೇಕು, 2019ರಲ್ಲಿ ಸಿರಿಯಾ ಕಾರ್ಯಾಚರಣೆ ಆದಾಗ ನಿಲ್ಲಿಸಿದ ಶಸ್ತ್ರ ಮಾರಾಟ ಪುನಃ ಶುರುವಾಗಬೇಕು. ಅಮೆರಿಕದ ಹತ್ತಿರ ಬೇಕಾದದ್ದು ಎಫ್-16 ಯುದ್ಧವಿಮಾನ. ಎಸ್-400 ತಂದ ಕಾರಣಕ್ಕೆ 2019ರ ಜುಲೈಯಲ್ಲಿ ಟರ್ಕಿಯನ್ನು ಇನ್ನೂ ಹೊಸ ಯುದ್ಧವಿಮಾನ ಎಫ್-35ರ ಯೋಜನೆಯಿಂದ ಹೊರಗೆ ಹಾಕಿದರು. 2021ರಲ್ಲಿ ಟರ್ಕಿ 40 ಹೊಸ ಎಫ್-16 ಮತ್ತು ಹಳೆಯ ವಿಮಾನಗಳಿಗೆ 79 ಸುಧಾರಣಾ ಕಿಟ್ ಕೇಳಿತು. ಅದು ಅಮೆರಿಕದ ಕಾಂಗ್ರೆಸ್ಸಿನಲ್ಲಿ ಸಿಕ್ಕಿಹಾಕಿಕೊಂಡಿತು. ಸೆನೆಟ್ ವಿದೇಶಾಂಗ ಸಮಿತಿಯ ಅಧ್ಯಕ್ಷ ಬಾಬ್ ಮೆನೆಂಡೆಜ್ ಜಪ್ಪಯ್ಯ ಅಂದರೂ ಬಿಡಲಿಲ್ಲ.

ಈಗ ತಾರೀಕು ಓದಿ. 2023ರ ಸೆಪ್ಟೆಂಬರಿನಲ್ಲಿ ಲಂಚದ ಆರೋಪ ಬಂದು ಮೆನೆಂಡೆಜ್ ಆ ಕುರ್ಚಿಯಿಂದ ಇಳಿದರು. ಅಕ್ಟೋಬರಿನಲ್ಲಿ ಟರ್ಕಿಯ ರಾಷ್ಟ್ರಪತಿ ಎರ್ದೋಆನ್ ಸ್ವೀಡನ್ನಿನ ಕಡತವನ್ನು ಸಂಸತ್ತಿಗೆ ಕಳಿಸಿದರು. ಡಿಸೆಂಬರಿನಲ್ಲಿ ಸಂಸದೀಯ ಸಮಿತಿ ಪಾಸು ಮಾಡಿತು. 2024ರ ಜನವರಿ 23ಕ್ಕೆ ಸಂಸತ್ತು 287ಕ್ಕೆ 55 ಮತಗಳಿಂದ ಒಪ್ಪಿತು. 25ಕ್ಕೆ ಎರ್ದೋಆನ್ ಸಹಿ. 26ಕ್ಕೆ ಅಮೆರಿಕ 23 ಶತಕೋಟಿ ಡಾಲರಿನ ಎಫ್-16 ಮಾರಾಟವನ್ನು ಕಾಂಗ್ರೆಸ್ಸಿಗೆ ತಿಳಿಸಿತು. ಅದೇ ದಿನ ಗ್ರೀಸಿಗೆ ಎಫ್-35. ಆ ವಾರವೇ ಕೆನಡಾ ಕೂಡ ಟರ್ಕಿಯ ಡ್ರೋನಿಗೆ ಬೇಕಾದ ಕ್ಯಾಮೆರಾ ಉಪಕರಣಗಳ ಮೇಲಿದ್ದ ತಡೆ ಸಡಿಲಿಸಲು ಹೊರಟಿತು. ಹೀಗೆ ಒಂದರ ಬೆನ್ನಿಗೆ ಒಂದು ಬಂದದ್ದು ಸುಮ್ನೆ ಅಲ್ಲ ಮಾರಾಯ್ರೆ.

ಇನ್ನೊಂದು ಬದಿ ಮನೆಯೊಳಗಿನದು. ಆ ಹಡಗಿನಲ್ಲಿ ನನ್ನ ಸೆಕೆಂಡ್ ಮೇಟ್ ಟರ್ಕಿಯವ, ಎರ್ದೋಆನ್ ವಿರೋಧಿ. ಊಟದ ಹೊತ್ತಿಗೆ ಸರಕಾರವನ್ನು ಬೈಯುತ್ತಿದ್ದ. ಸಂಬಳ ಡಾಲರಿನಲ್ಲಿ ಬರುತ್ತಿತ್ತು. ಮನೆಗೆ ಆ ತಿಂಗಳ ಖರ್ಚಿಗೆ ಬೇಕಾದಷ್ಟೇ ಲಿರಾ ಮಾಡಿಸುತ್ತಿದ್ದ. ಉಳಿದದ್ದನ್ನು ಮುಟ್ಟುತ್ತಿರಲಿಲ್ಲ, ವಾರ ಕಳೆದರೆ ಲಿರಾ ಇನ್ನೂ ಇಳಿಯುತ್ತದೆ ಎಂದು. 2022ರ ಅಕ್ಟೋಬರಿನಲ್ಲಿ ಟರ್ಕಿಯ ಹಣದುಬ್ಬರ ಶೇಕಡಾ 85 ದಾಟಿತ್ತು. ಆದರೆ ಪಿಕೆಕೆ ಮಾತು ಬಂದರೆ ಅವನದೂ ಸರಕಾರದ್ದೂ ಒಂದೇ ಸ್ವರ. ಅವನ ಊರಿನಿಂದ ಮಿಲಿಟರಿಗೆ ಹೋದ ಹುಡುಗರು ಪೆಟ್ಟಿಗೆಯಲ್ಲಿ ವಾಪಸ್ ಬಂದದ್ದನ್ನು ನೋಡಿದವ. ಚುನಾವಣೆ ಎದುರಿಗಿರುವಾಗ ಸ್ವೀಡನ್ನಿನ ವಿರುದ್ಧ ಗಟ್ಟಿಯಾಗಿ ನಿಂತರೆ ಅಲ್ಲಿ ಓಟು ಕಡಿಮೆಯಾಗುವುದಿಲ್ಲ ಎಂದು ನನಗೆ ಆಗಲೇ ಅನಿಸಿತ್ತು.

2023ರ ಮೇ 28ಕ್ಕೆ ಎರಡನೇ ಸುತ್ತಿನಲ್ಲಿ ಎರ್ದೋಆನ್ ಗೆದ್ದರು. ಓಟಿನ ಚಿಂತೆ ಹೋಯಿತು, ದುಡ್ಡಿನ ಚಿಂತೆ ಉಳಿಯಿತು. ಫೆಬ್ರವರಿಯ ಭೂಕಂಪದಲ್ಲಿ ಟರ್ಕಿಯೊಂದರಲ್ಲೇ 50,000ಕ್ಕಿಂತ ಜಾಸ್ತಿ ಜನ ಸತ್ತಿದ್ದರು. ನಗರಗಳನ್ನೇ ಪುನಃ ಕಟ್ಟಬೇಕಿತ್ತು. ಜೂನಿನಲ್ಲಿ ಮೆಹ್ಮೆತ್ ಶಿಮ್ಶೆಕ್ ಅವರನ್ನು ಹಣಕಾಸು ಮಂತ್ರಿ ಮಾಡಿದರು, ಪಶ್ಚಿಮದ ಹೂಡಿಕೆದಾರರಿಗೆ ನಂಬಿಕೆಯ ಮುಖ. ಜುಲೈ 10ಕ್ಕೆ, ನೇಟೋ ಸಭೆಗೆ ಸೇರಿದ್ದ ಲಿಥುವೇನಿಯಾದ ವಿಲ್ನಿಯಸ್‌ನಲ್ಲಿ, ಸ್ವೀಡನ್ನಿಗೆ ಎರ್ದೋಆನ್ ಒಪ್ಪಿಗೆ. ಚುನಾವಣೆಗೆ ಮೊದಲು ತಡೆಯುವುದರಿಂದ ಲಾಭ ಇತ್ತು. ಆಮೇಲೆ ತಡೆಯುವುದೇ ನಷ್ಟದ ಬಾಬ್ತಾಯಿತು.

ನನಗೆ ಬೇಜಾರಾಗುವ ಒಂದು ಸಂಗತಿ ಹೇಳದೆ ಇರಲಾರೆ. ಈ ಇಪ್ಪತ್ತು ತಿಂಗಳು ಸ್ವೀಡನ್ನಿನಲ್ಲಿ ಆಶ್ರಯ ಪಡೆದ ಎಷ್ಟೋ ಕುರ್ದರು, ಪತ್ರಕರ್ತರು ನಿದ್ದೆಗೆಟ್ಟರು. ಬುಲೆಂತ್ ಕೆನೆಶ್ ಎಂಬ ಪತ್ರಿಕಾ ಸಂಪಾದಕರ ಹೆಸರನ್ನು ಎರ್ದೋಆನ್ ಸ್ವೀಡನ್ನಿನ ಪ್ರಧಾನಿ ಪಕ್ಕದಲ್ಲಿ ನಿಂತೇ ಹೇಳಿ, ಒಪ್ಪಿಸಿ ಎಂದರು. 2022ರ ಡಿಸೆಂಬರಿನಲ್ಲಿ ಸ್ವೀಡನ್ನಿನ ಸುಪ್ರೀಂ ಕೋರ್ಟ್ ಆಗುವುದಿಲ್ಲ ಎಂದಿತು. ಆ ಕೋರ್ಟ್ ಗಟ್ಟಿ ನಿಂತದ್ದು ದೊಡ್ಡ ಮಾತು. ವಿಮಾನದ ವ್ಯಾಪಾರದಲ್ಲಿ ಒಬ್ಬ ಮನುಷ್ಯನ ಹೆಸರು ಐಟಂ ತರಹ ಮೇಜಿಗೆ ಬರಬಾರದಿತ್ತು. ನೀವು ಮುಂದೆ ಅಧಿಕಾರಿ ಆಗುವವರು, ಉತ್ತರದಲ್ಲಿ ಇದಕ್ಕೂ ಎರಡು ಸಾಲು ಬಿಡಿ.

ಉಡುಪಿಯ ಪತ್ರ ಬರಹಗಾರ:

ಕ್ಯಾಪ್ಟನ್ ಹೇಳಿದ ಆ ಮೂರು ದಿನದ ತಾರೀಕು ಓದಿ ನನ್ನ ಕೆಲಸವೇ ನೆನಪಾಯಿತು. ನಾನು ಸಬ್ ರಿಜಿಸ್ಟ್ರಾರ್ ಕಚೇರಿಯ ಹೊರಗೆ ಕೂತು ಕ್ರಯಪತ್ರ, ಪಾಲುಪಟ್ಟಿ ಬರೆಯುವವ. ಕುಟುಂಬದ ಜಾಗ ಮಾರುವಾಗ ಹನ್ನೆರಡು ಜನ ಸಹಿ ಹಾಕಿರುತ್ತಾರೆ, ಒಬ್ಬರು ಮಾತ್ರ ಬರುವುದಿಲ್ಲ. ಕೇಳಿದರೆ ದೈವದ ಜಾಗ, ಮಾರಬಾರದು ಅನ್ನುತ್ತಾರೆ. ಆ ಮಾತು ಸುಳ್ಳಲ್ಲ, ಅವರಿಗೆ ನಿಜವಾಗಿ ಭಕ್ತಿ ಉಂಟು. ಆದರೆ ಕೂತು ಮಾತಾಡಿದರೆ ಹಿಂದಿನ ಪಾಲಿನಲ್ಲಿ ಅವರ ತಾಯಿಗೆ ಬಾವಿಯ ಹತ್ತಿರದ ಹತ್ತು ಸೆಂಟ್ಸ್ ತಪ್ಪಿಹೋಗಿರುತ್ತದೆ. ಅದನ್ನು ಸರಿ ಮಾಡಬೇಕಾದದ್ದು ಈಗ ಜಾಗ ಕೊಳ್ಳುವವ ಅಲ್ಲ, ದೊಡ್ಡ ಮಾವ. ದೊಡ್ಡ ಮಾವ ಇಷ್ಟು ವರ್ಷ ಫೋನೇ ಎತ್ತುತ್ತಿರಲಿಲ್ಲ. ಈ ಒಂದು ಸಹಿಗೋಸ್ಕರ ಮನೆಗೆ ಬರುತ್ತಾರೆ.

ಮತ್ತೆ ಕೊನೆಯ ದಿನ ಯಾರು ಮೊದಲು ಎಂಬ ಪ್ರಶ್ನೆ. ಡಿಡಿ ಕೈಗೆ ಬರದೆ ಇವರು ಸಹಿ ಹಾಕುವುದಿಲ್ಲ, ಸಹಿ ಬೀಳದೆ ಅವರು ಡಿಡಿ ಕೊಡುವುದಿಲ್ಲ. ಟರ್ಕಿ–ಅಮೆರಿಕದ ನಡುವೆಯೂ ಹಾಗೇ ಆಯಿತಾ ಎಂದು ಕೇಳಬೇಕೆನಿಸಿತು.

ಸುರತ್ಕಲ್ ಕ್ಯಾಪ್ಟನ್:

ಬಹುತೇಕ ಹಾಗೇ ಆಯಿತು. 2023ರ ಡಿಸೆಂಬರಿನಲ್ಲಿ ಎರ್ದೋಆನ್ ಅವರ ಮಾತೇ ಅದು, ನಮ್ಮ ಸಂಸತ್ತು ಮತ್ತು ಅಮೆರಿಕದ ಕಾಂಗ್ರೆಸ್ ಒಟ್ಟಿಗೆ ಮುಗಿಸಲಿ ಎಂದು. ನೇಟೋ ಒಪ್ಪಂದದ ಪ್ರಕಾರ ಮಂಜೂರಾತಿ ಪತ್ರವನ್ನು ಇಡಬೇಕಾದದ್ದು ಅಮೆರಿಕ ಸರಕಾರದ ಹತ್ತಿರವೇ. ಸಂಸತ್ತು ಒಪ್ಪಿದ್ದು, ರಾಷ್ಟ್ರಪತಿ ಸಹಿ ಹಾಕಿದ್ದು ಸಾಕಾಗಲಿಲ್ಲ. ಕಾಗದ ವಾಷಿಂಗ್ಟನ್ನಿಗೆ ಬಂದು ಮುಟ್ಟಿದ ಮೇಲೆಯೇ, ಅದೇ ದಿನ, ಅವರು ಮಾರಾಟದ ನೋಟೀಸು ಕೊಟ್ಟರು.

ಬಂದರಿನ ವ್ಯಾಪಾರಿ:

ಕ್ಯಾಪ್ಟನ್ ಸರ್, ಗೌರವ ಇಟ್ಟೇ ಹೇಳುತ್ತೇನೆ, ನೀವು ಎಲ್ಲವನ್ನೂ ವಿಮಾನಕ್ಕೆ ತಂದು ನಿಲ್ಲಿಸಿದ್ದೀರಿ. ಪಿಕೆಕೆಯನ್ನು ಅಮೆರಿಕವೂ ಯುರೋಪಿಯನ್ ಒಕ್ಕೂಟವೂ ಭಯೋತ್ಪಾದಕ ಪಟ್ಟಿಗೆ ಸೇರಿಸಿವೆ. 1984ರಿಂದ ನಡೆದ ಆ ಹೋರಾಟದಲ್ಲಿ ಸುಮಾರು 40,000 ಜನ ಸತ್ತಿದ್ದಾರೆ. ಇಂಥ ನೋವಿರುವ ದೇಶ ಕೇಳಿದ್ದನ್ನು ಬರೀ ಚೌಕಾಸಿ ಅನ್ನುವುದು ಸರಿಯಲ್ಲ. ಸ್ವೀಡನ್ ಕೂಡ ನಿಜವಾಗಿ ಬದಲಾಯಿತು. 2022ರ ಸೆಪ್ಟೆಂಬರ್ ಕೊನೆಗೆ ಶಸ್ತ್ರ ಮಾರಾಟಕ್ಕೆ ಅನುಮತಿ ಕೊಟ್ಟಿತು. ಸಂವಿಧಾನ ತಿದ್ದಿ, 2023ರ ಜೂನ್ 1ರಿಂದ ಭಯೋತ್ಪಾದಕ ಸಂಘಟನೆಯಲ್ಲಿ ಭಾಗವಹಿಸುವುದೇ ಅಪರಾಧ ಎಂಬ ಹೊಸ ಕಾನೂನು ತಂದಿತು. ಟರ್ಕಿ ಕೇಳಿದ್ದು ಸಿಕ್ಕಿತು, ಒಪ್ಪಿತು. ಅಷ್ಟೇ ಯಾಕಾಗಬಾರದು?

ಇನ್ನೊಂದು ಉದಾಹರಣೆ ಕೊಡುತ್ತೇನೆ. ಗ್ರೀಸ್ 2008ರಲ್ಲಿ ಬುಕಾರೆಸ್ಟ್‌ನಲ್ಲಿ ಮ್ಯಾಸಿಡೋನಿಯಾವನ್ನು ತಡೆಯಿತು, ಹೆಸರಿನ ಕಾರಣಕ್ಕೆ. ತನ್ನ ಉತ್ತರದ ಪ್ರಾಂತ್ಯಕ್ಕೂ ಅದೇ ಹೆಸರು, ನಾಳೆ ಜಾಗ ಕೇಳಿಯಾರು ಎಂಬ ಆತಂಕ. ಹತ್ತು ವರ್ಷ ಪಟ್ಟು ಸಡಿಲಿಸಲಿಲ್ಲ. 2018ರ ಜೂನಿನಲ್ಲಿ ಪ್ರೆಸ್ಪಾ ಒಪ್ಪಂದ ಆಗಿ ಆ ದೇಶ ಉತ್ತರ ಮ್ಯಾಸಿಡೋನಿಯಾ ಎಂದು ಹೆಸರು ಬದಲಿಸಿತು. 2020ರ ಮಾರ್ಚಿನಲ್ಲಿ ನೇಟೋ ಸೇರಿತು. ಗ್ರೀಸ್ ಬಾಯಲ್ಲಿ ಹೇಳಿದ್ದೂ ಹೆಸರು, ಅದಕ್ಕೆ ಬೇಕಾಗಿದ್ದೂ ಹೆಸರು.

ಸುರತ್ಕಲ್ ಕ್ಯಾಪ್ಟನ್:

ಗ್ರೀಸಿನ ವಿಷಯದಲ್ಲಿ ನಿಮ್ಮ ಮಾತು ಪೂರ್ತಿ ಒಪ್ಪಿದೆ. ಅಲ್ಲಿ ಕೇಳಿದವನೂ ಕೊಡಬೇಕಾದವನೂ ಎದುರುಬದುರು ಇದ್ದರು, ಮೂರನೆಯವನ ಕೈಯಲ್ಲಿ ಏನೂ ಇರಲಿಲ್ಲ. ಟರ್ಕಿಯ ನೋವು ನಿಜ ಎಂಬುದನ್ನೂ ಒಪ್ಪುತ್ತೇನೆ. ನನ್ನ ಸೆಕೆಂಡ್ ಮೇಟ್ ಮುಖ ನೋಡಿದವನು ನಾನು.

ಆದರೆ ಸ್ವೀಡನ್ನಿನಿಂದ ಕೇಳಿದ್ದು ಸಿಕ್ಕಿದ್ದಕ್ಕೇ ಒಪ್ಪಿತು ಎಂದರೆ ಕೆಲವು ತಾರೀಕುಗಳು ಕೂಡುವುದಿಲ್ಲ. 2023ರ ಜನವರಿ 21ಕ್ಕೆ ಸ್ಟಾಕ್‌ಹೋಮ್‌ನಲ್ಲಿ ಟರ್ಕಿಯ ರಾಯಭಾರ ಕಚೇರಿ ಎದುರು ಒಬ್ಬ ಕುರಾನ್ ಸುಟ್ಟ. ತುಂಬಾ ಕೆಟ್ಟ ಕೆಲಸ. ಎರ್ದೋಆನ್ ಕೂಡಲೇ, ಇನ್ನು ನಮ್ಮ ಬೆಂಬಲ ನಿರೀಕ್ಷಿಸಬೇಡಿ ಎಂದರು. ಸರಿ. ಜೂನ್ 28ಕ್ಕೆ, ಬಕ್ರೀದ್ ದಿನವೇ, ಸ್ಟಾಕ್‌ಹೋಮಿನ ಮಸೀದಿ ಹೊರಗೆ ಪುನಃ ಅದೇ ಆಯಿತು. ಅದಾಗಿ ಹನ್ನೆರಡು ದಿನಕ್ಕೆ ವಿಲ್ನಿಯಸ್‌ನಲ್ಲಿ ಒಪ್ಪಿದರು. ಕೆನೆಶ್ ಅವರನ್ನು ಒಪ್ಪಿಸಿರಲಿಲ್ಲ, ಆದರೂ ಒಪ್ಪಿದರು. ಹೊಸ ಕಾನೂನು ಜೂನ್ 1ಕ್ಕೇ ಬಂದಿತ್ತು, ಆದರೂ ಸಂಸತ್ತಿನ ಓಟಿಗೆ ಮುಂದಿನ ಜನವರಿವರೆಗೆ ಎಳೆದರು. ಆ ಏಳು ತಿಂಗಳಲ್ಲಿ ಸ್ವೀಡನ್ ಹೊಸದಾಗಿ ಕೊಡಬೇಕಾದದ್ದು ದೊಡ್ಡದೇನೂ ಉಳಿದಿರಲಿಲ್ಲ. ಬಾಕಿ ಇದ್ದದ್ದು ವಾಷಿಂಗ್ಟನ್‌ನದು.

ಹಾಗಂತ ಸ್ವೀಡನ್ನಿನ ಕಾನೂನು ವ್ಯರ್ಥ ಅನ್ನುವುದಿಲ್ಲ. ಅದಿಲ್ಲದೆ ಎರ್ದೋಆನ್ ತಮ್ಮ ಜನರ ಎದುರು ಮುಖ ತೋರಿಸುವ ಹಾಗಿರಲಿಲ್ಲ. ನೇಟೋದಲ್ಲಿ ಭಯೋತ್ಪಾದನೆ ವಿಷಯಕ್ಕೆ ಬೇರೆಯೇ ಒಬ್ಬ ಸಂಯೋಜಕ, ಯುರೋಪಿನ ಸುಂಕ ಒಕ್ಕೂಟ ಸುಧಾರಣೆಗೆ ಮತ್ತು ವೀಸಾ ಸಡಿಲಿಕೆಗೆ ಸ್ವೀಡನ್ನಿನ ಬೆಂಬಲ, ಇವೆಲ್ಲ ವಿಲ್ನಿಯಸ್ ಹೇಳಿಕೆಯಲ್ಲಿ ಸೇರಿದ್ದೂ ಅದಕ್ಕೇ. ಇಷ್ಟು ದಿನ ತಡೆದದ್ದಕ್ಕೆ ಇಷ್ಟು ಸಿಕ್ಕಿತು ಎಂದು ಊರಿಗೆ ಹೋಗಿ ಹೇಳಲು ಕೈಯಲ್ಲಿ ಕಾಗದ ಬೇಕಲ್ಲ.

ಕಲ್ಯಾಣಪುರದ ಓದುಗಿ:

ತುಂಬಾ ಉಪಕಾರ ಆಯಿತು ಎಲ್ಲರಿಂದ. ಗೆಳತಿಯರಿಗೂ ಓದಿ ಹೇಳಿದೆ, ಈಗ ವಾದ ಇನ್ನೂ ಜಾಸ್ತಿ ಆಗಿದೆ! ಎರಡು ಪ್ರಶ್ನೆ ಉಳಿಯಿತು. ಫಿನ್ಲೆಂಡನ್ನು ಮೊದಲೇ ಬಿಟ್ಟದ್ದು ಯಾಕೆ? ಇನ್ನೊಂದು ಸದಸ್ಯ ದೇಶ ಹಂಗೇರಿ ಯಾಕೆ ಟರ್ಕಿಗಿಂತಲೂ ತಡ ಮಾಡಿತು? ಮತ್ತೆ ಕ್ಯಾಪ್ಟನ್ ಸರ್, ಆ ಎಫ್-16 ಕೊನೆಗೆ ಪೂರ್ತಿ ಸಿಕ್ಕಿತಾ?

ಸುರತ್ಕಲ್ ಕ್ಯಾಪ್ಟನ್:

ಅದು ಮೂರು ಪ್ರಶ್ನೆ ತಂಗಿ, ಅಡ್ಡಿಲ್ಲ.

ಫಿನ್ಲೆಂಡಿನ ಜೊತೆ ಟರ್ಕಿಗೆ ಹಳೆಯ ಬಾಕಿ ಕಡಿಮೆ. ಅಲ್ಲಿ ಕುರ್ದರ ಸಂಖ್ಯೆಯೂ ಕಡಿಮೆ, ಬೀದಿ ಪ್ರತಿಭಟನೆಯ ಜಗಳವೂ ಇಲ್ಲ. ರಷ್ಯಾ ಜೊತೆ 1,340 ಕಿಲೋಮೀಟರ್ ಗಡಿ ಇರುವ ದೇಶವನ್ನು ಹೊರಗೆ ನಿಲ್ಲಿಸಿದರೆ ಉಳಿದ ಸದಸ್ಯರೆಲ್ಲ ತಿರುಗಿ ಬೀಳುತ್ತಿದ್ದರು. ಒಬ್ಬರನ್ನು ಬಿಟ್ಟರೆ ನಾವು ನೇಟೋ ವಿರೋಧಿ ಅಲ್ಲ ಎಂದು ತೋರಿಸಿದ ಹಾಗೂ ಆಯಿತು, ಸ್ವೀಡನ್ನಿನ ಮೇಲೆ ಒತ್ತಡ ಹಾಕಿದ ಹಾಗೂ ಆಯಿತು. 2023ರ ಮಾರ್ಚ್ 30ಕ್ಕೆ ಸಂಸತ್ತು ಒಪ್ಪಿತು, ಐದು ದಿನಕ್ಕೆ ಫಿನ್ಲೆಂಡ್ 31ನೇ ಸದಸ್ಯ.

ಹಂಗೇರಿಯ ಆಕ್ಷೇಪ ನನಗೆ ಟರ್ಕಿಯದಕ್ಕಿಂತ ಬಹಳ ತೆಳು ಅನಿಸುತ್ತದೆ. ಸ್ವೀಡನ್ನಿನ ರಾಜಕಾರಣಿಗಳು ನಮ್ಮ ಪ್ರಜಾಪ್ರಭುತ್ವದ ಬಗ್ಗೆ ಕೆಟ್ಟದಾಗಿ ಮಾತಾಡಿದ್ದಾರೆ ಎಂಬುದು ಅವರ ದೂರು. ಟರ್ಕಿಯ ನೆರಳಿನಲ್ಲಿ ನಿಂತಿದ್ದರು, ಟರ್ಕಿ ಸರಿದ ಮೇಲೆ ಒಂಟಿಯಾದರು. ಸ್ವೀಡನ್ ಪ್ರಧಾನಿ ಉಲ್ಫ್ ಕ್ರಿಸ್ಟರ್ಸನ್ 2024ರ ಫೆಬ್ರವರಿ 23ಕ್ಕೆ ಬುಡಾಪೆಸ್ಟ್‌ಗೆ ಹೋದರು. ಹಂಗೇರಿ ಬಾಡಿಗೆಗೆ ಇಟ್ಟುಕೊಂಡಿದ್ದ ಸ್ವೀಡನ್ನಿನ 14 ಗ್ರಿಪೆನ್ ಯುದ್ಧವಿಮಾನಗಳ ಜೊತೆಗೆ ಇನ್ನೂ ನಾಲ್ಕಕ್ಕೆ ಒಪ್ಪಂದವಾಯಿತು. ಮೂರು ದಿನ ಬಿಟ್ಟು ಅವರ ಸಂಸತ್ತು 188ಕ್ಕೆ 6 ಮತಗಳಿಂದ ಒಪ್ಪಿತು. ಮಾರ್ಚ್ 7ಕ್ಕೆ ಸ್ವೀಡನ್ 32ನೇ ಸದಸ್ಯ. ನಮ್ಮಂಥ ಹಡಗಿನವರ ಕಣ್ಣಿಗೆ ದೊಡ್ಡ ಬದಲಾವಣೆ ಕಂಡದ್ದು ಅಂದು. ಬಾಲ್ಟಿಕ್ ಸಮುದ್ರದ ಚಾರ್ಟ್ ತೆಗೆದು ನೋಡಿ. ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್ ಕಡೆಯ ತುಂಡು ಮತ್ತು ಕಲಿನಿನ್‌ಗ್ರಾದ್ ಬಿಟ್ಟರೆ ಸುತ್ತ ಎಲ್ಲಾ ದಡ ಈಗ ನೇಟೋದ್ದು.

ಎಫ್-16 ಪೂರ್ತಿ ಸಿಗಲಿಲ್ಲ, ಟರ್ಕಿಯೇ ಅರ್ಧ ಬಿಟ್ಟಿತು. 2024ರ ನವೆಂಬರಿನಲ್ಲಿ ಅವರ ರಕ್ಷಣಾ ಮಂತ್ರಿ ಯಶಾರ್ ಗುಲೆರ್, 79 ಕಿಟ್‌ಗಳು ಬೇಡ, ಆ ಕೆಲಸ ನಮ್ಮ ಕಾರ್ಖಾನೆಯಲ್ಲೇ ಮಾಡಿಕೊಳ್ಳುತ್ತೇವೆ, 40 ಹೊಸ ವಿಮಾನ ಮಾತ್ರ ಸಾಕು ಎಂದರು. 23 ಶತಕೋಟಿಯ ವ್ಯವಹಾರ ಸುಮಾರು 7 ಶತಕೋಟಿಗೆ ಇಳಿಯಿತು. ಎಫ್-35ರ ವಿಷಯ ಬೇರೆ. ಎಸ್-400 ಇಟ್ಟುಕೊಂಡಿರುವವರೆಗೆ ಅದನ್ನು ಕೊಡಲು ಅಮೆರಿಕದ ಕಾನೂನಿನಲ್ಲೇ ಅಡ್ಡಿ ಉಂಟು.